ಕೆಳಗಿನಿಂದ ಬರುವ ಚಳಿ

ಕೇಳುಗರಿಗೆ ನಮಸ್ಕಾರ.

ಮೂರು ವರ್ಷದ ಹಿಂದಿನ ಮಾತು. ನವೆಂಬರ್ ತಿಂಗಳು, ಶನಿವಾರ, ರಾತ್ರಿ ಎರಡು ಗಂಟೆ ಇರಬಹುದು. ಮಗ ನನ್ನ ಭುಜ ಅಲುಗಿಸಿ ಎಬ್ಬಿಸಿದ. "ಅಮ್ಮಾ, ನೆಲ ಅಲ್ಲಾಡ್ತಿದೆ" ಅಂದ. ಗಾಬರಿಯಾಗಿ ಕೈ ಊರಿ ಎದ್ದೆ. ಅಂಗೈ ಕೆಳಗೆ ನೆಲ ಮೆತ್ತಗೆ ಆ ಕಡೆ ಸರಿಯಿತು, ಮತ್ತೆ ಈ ಕಡೆ ಬಂತು. ಟಾರ್ಚ್ ಹಾಕಿ ನೋಡಿದರೆ ಟೆಂಟಿನ ಒಳಗೆ ಒಂದು ಹನಿ ನೀರಿಲ್ಲ. ಮೇಲಿನ ಬಟ್ಟೆ ಎಲ್ಲೂ ಸೋರಿಲ್ಲ. ನೀರೆಲ್ಲ ಕೆಳಗಿತ್ತು. ನಾವು ನಾಲ್ಕು ಜನ ನೀರು ತುಂಬಿದ ಚೀಲದ ಮೇಲೆ ಮಲಗಿದ್ದೆವು.

ಹತ್ತೇ ನಿಮಿಷದಲ್ಲಿ ಅದು ತಳದ ಹೊಲಿಗೆಯಿಂದ ಒಳಗೂ ಬಂತು ಅನ್ನಿ. ಉಳಿದ ರಾತ್ರಿ ಕಾರಿನಲ್ಲಿ ಕಳೆದೆವು. ಕಾರಿನ ಗಾಜಿಗೆಲ್ಲ ಆವಿ ಹಿಡಿದಿತ್ತು. ಮಗಳು ಅದರ ಮೇಲೆ ಬೆರಳಲ್ಲಿ 'ಮನೆ' ಅಂತ ಬರೆದಳು. ಯಾರೂ ನಗಲಿಲ್ಲ.

ಜಾಗ ಮಾಗಡಿ ಕಡೆ, ಪರಿಚಯದವರ ಮಾವಿನ ತೋಪು. ಬೆಂಗಳೂರಿನಿಂದ 50 ಕಿಲೋಮೀಟರ್ ಆಸುಪಾಸು. ತಪ್ಪು ಪೂರ್ತಿ ನಮ್ಮದೇ. ನೆಲ ಒದ್ದೆ ಇರುತ್ತೆ ಅಂತ ನಮ್ಮ ಯಜಮಾನರು ಒಂದು ದೊಡ್ಡ ನೀಲಿ ಟಾರ್ಪಾಲು ತಂದಿದ್ದರು. ಅದನ್ನು ಹಾಸಿ ಅದರ ಮೇಲೆ ಟೆಂಟ್ ಹಾಕಿದೆವು. ಟೆಂಟಿಗಿಂತ ಟಾರ್ಪಾಲು ಸುತ್ತಲೂ ಎರಡು ಅಡಿ ಜಾಸ್ತಿ ಇತ್ತು. 'ಜಗಲಿ ಇದ್ದ ಹಾಗೆ ಆಯ್ತು' ಅಂತ ಖುಷಿಪಟ್ಟು ಚಪ್ಪಲಿ ಅಲ್ಲೇ ಬಿಟ್ಟೆವು. ರಾತ್ರಿ ಮಳೆ ಬಂದಾಗ ಟೆಂಟಿನ ಮೇಲಿಂದ ಇಳಿದ ನೀರು ಮಣ್ಣಿಗೆ ಇಂಗಬೇಕಿತ್ತು. ಇಂಗಲು ಮಣ್ಣೆಲ್ಲಿದೆ? ಜಗಲಿ ಮೇಲೆ ಬಿತ್ತು, ಅಲ್ಲಿಂದ ನೇರವಾಗಿ ನಮ್ಮ ಬೆನ್ನ ಕೆಳಗೆ ಬಂತು. ಟೆಂಟಿನ ಕೆಳಗೆ ಹಾಸುವ ಶೀಟು ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಿರಬೇಕು. ದೊಡ್ಡದಿದ್ದರೆ ಅಂಚನ್ನು ಒಳಕ್ಕೆ ಮಡಚಿ ತಳದ ಕೆಳಗೆ ತಳ್ಳಬೇಕು. ಇಷ್ಟೇ ವಿಷಯ. ಗೊತ್ತಾಗಲು ಒಂದು ರಾತ್ರಿ ನಿದ್ದೆ ಹೋಯಿತು.

ಹೊರಡುವ ಮುಂಚೆ ನಮ್ಮತ್ತೆಗೆ, "ಈ ಶನಿವಾರ ನಾವು ಟೆಂಟ್‌ಗೆ ಹೋಗ್ತಿದ್ದೀವಿ ಅತ್ತೆ" ಅಂದಿದ್ದೆ. ಅವರ ಮುಖ ಅರಳಿತು. "ಇನ್ನೂ ಇದೆಯಾ? ಯಾವ ಪಿಚ್ಚರು?" ಅಂದರು. ಅವರು ಚಳ್ಳಕೆರೆ ಕಡೆಯವರು. ಟೆಂಟ್ ಅಂದರೆ ಅವರಿಗೆ ಟೂರಿಂಗ್ ಟಾಕೀಸು. ಅಲ್ಲಿ ಕುರ್ಚಿ, ಬೆಂಚು, ನೆಲ ಅಂತ ಬೇರೆ ಬೇರೆ ಟಿಕೆಟ್ಟು. ಇವರದು ಯಾವಾಗಲೂ ನೆಲದ ಟಿಕೆಟ್ಟು. ಮರಳು ಗುಡ್ಡೆ ಮಾಡಿಕೊಂಡು ಎತ್ತರಕ್ಕೆ ಕೂತರೆ ಹಿಂದಿನವರು ಬೈಯುತ್ತಿದ್ದರಂತೆ. ನಾವು ಹೋಗುತ್ತಿರುವುದು ಸಿನಿಮಾಗೆ ಅಲ್ಲ, ತೋಪಿನಲ್ಲಿ ಮಲಗಲು ಅಂತ ತಿಳಿದ ಮೇಲೆ, "ಮನೇಲಿ ಮಂಚ ಇಟ್ಕೊಂಡು ಯಾರದೋ ತೋಟದಲ್ಲಿ ಯಾಕಮ್ಮ ಬಿದ್ಕೋಬೇಕು?" ಅಂದರು. ಭಾನುವಾರ ಬೆಳಗ್ಗೆ ಒದ್ದೆ ಹಾಸಿಗೆ ಹೊತ್ತು ಮನೆಗೆ ಬಂದಾಗ ಮಾತ್ರ ಏನೂ ಅನ್ನಲಿಲ್ಲ. ಸುಮ್ನೆ ಕಾಫಿ ಕೊಟ್ಟರು. ಅದು ಇನ್ನೂ ಕಷ್ಟ, ಅಲ್ವಾ?

ಆವತ್ತಿನಿಂದ ಇವತ್ತಿನವರೆಗೆ ಹತ್ತು ಹನ್ನೆರಡು ಸಲ ಮಕ್ಕಳನ್ನು ಕಟ್ಟಿಕೊಂಡು ಟೆಂಟಿನಲ್ಲಿ ಮಲಗಿದ್ದೇವೆ. ನನಗೆ ಒಂದು ವಿಷಯ ಮನದಟ್ಟಾಗಿದೆ. ಅಂಗಡಿಗೆ ಹೋದರೆ ನಾವೆಲ್ಲ ನೋಡುವುದು ಮೇಲಿನದನ್ನು. ಟೆಂಟಿನ ಬಣ್ಣ, ಎತ್ತರ, ಕಿಟಕಿ. ಆದರೆ ರಾತ್ರಿ ಕಾಟ ಕೊಡುವುದೆಲ್ಲ ಕೆಳಗಿನಿಂದ ಬರುತ್ತದೆ. ನೀರು, ಚಳಿ, ಕಲ್ಲು, ಇರುವೆ. ನಿಮ್ಮ ಹತ್ತಿರ ಇರುವ ದುಡ್ಡಿನಲ್ಲಿ ದೊಡ್ಡ ಪಾಲನ್ನು ಬೆನ್ನ ಕೆಳಗಿನದಕ್ಕೆ ಹಾಕಿ ಅನ್ನುವುದು ನನ್ನ ವಾದ.

ಮೊದಲು ಟೆಂಟ್ ವಿಷಯ ಮುಗಿಸಿಬಿಡುತ್ತೇನೆ. ನಾಲ್ಕು ಜನರದ್ದು ಅಂತ ಬರೆದಿರುವ ಟೆಂಟಿನ ಅಗಲ ಸಾಮಾನ್ಯವಾಗಿ 240 ಸೆಂಟಿಮೀಟರ್ ಇರುತ್ತದೆ. ಅಂದರೆ ಒಬ್ಬರಿಗೆ 60 ಸೆಂಟಿಮೀಟರ್, ಎರಡೇ ಅಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಕಾಲು ಚಾಚುವುದಲ್ಲ, ಮಗ್ಗುಲು ಬದಲಿಸಲೂ ಪಕ್ಕದವರ ಒಪ್ಪಿಗೆ ಬೇಕು. ಬ್ಯಾಗು ಬೇರೆ ಒಳಗೇ ಇಡಬೇಕು. ನಾಲ್ಕು ಜನರ ಸಂಸಾರಕ್ಕೆ ಆರು ಜನರ ಟೆಂಟೇ ಸರಿ. ಮೊದಲ ಸಲಕ್ಕೆ ಕೊಳ್ಳಲೇಬೇಡಿ. ಬೆಂಗಳೂರಿನಲ್ಲಿ ಟೆಂಟ್, ಮಲಗುವ ಚೀಲ ಎಲ್ಲ ದಿನದ ಬಾಡಿಗೆಗೆ ಸಿಗುತ್ತವೆ. ಮನೆಮಂದಿಗೆ ಇದು ಹಿಡಿಸುತ್ತದೋ ಇಲ್ಲವೋ ನೋಡಿಕೊಂಡು ಆಮೇಲೆ ಅಂಗಡಿ ಕಡೆ ಹೋಗಬಹುದು.

ಅಂಗಡಿಯಲ್ಲಿ ಟೆಂಟಿನ ಚೀಟಿ ಮೇಲೆ 1500 ಮಿಲಿಮೀಟರ್, 3000 ಮಿಲಿಮೀಟರ್ ಅಂತೆಲ್ಲ ಬರೆದಿರುತ್ತದೆ. ಅದು ಮಳೆಯ ಲೆಕ್ಕ ಅಂದುಕೊಂಡಿದ್ದೆ ನಾನು. ಅಲ್ಲ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ, ಎಷ್ಟು ಎತ್ತರದ ನೀರಿನವರೆಗೆ ಬಟ್ಟೆ ಜಿನುಗದೆ ತಡೆಯುತ್ತದೆ ಅನ್ನುವ ಅಳತೆ. 3000 ಅಂದರೆ ಮೂರು ಮೀಟರ್ ನೀರಿನ ಭಾರ. ಮೇಲಿನ ಹೊದಿಕೆಗೆ 2000 ಇದ್ದರೂ ನಮ್ಮ ಕಡೆಯ ಮಳೆಗೆ ನಡೆಯುತ್ತದೆ, ಯಾಕೆಂದರೆ ಅಲ್ಲಿ ಹನಿ ಬಿದ್ದು ಜಾರಿಹೋಗುತ್ತದೆ. ತಳದ ಕಥೆ ಬೇರೆ. ಒದ್ದೆ ನೆಲದ ಮೇಲೆ ಒಬ್ಬರು ಮೊಣಕಾಲೂರಿ ಕೂತರೆ ಸಾಕು, ಇಡೀ ಮೈಭಾರ ಅಂಗೈಯಷ್ಟು ಬಟ್ಟೆಯ ಮೇಲೆ ಬೀಳುತ್ತದೆ. ಹಾಗಾಗಿ ತಳದ ಅಂಕಿ ಯಾವಾಗಲೂ ಜಾಸ್ತಿ ಇರಬೇಕು. ನಮ್ಮ ಹಳೆಯ ಟೆಂಟಿನಲ್ಲಿ ಎರಡೂ ಒಂದೇ ಇತ್ತು. ನಾವು ನೋಡಿಯೇ ಇರಲಿಲ್ಲ.

ಇನ್ನು ಚಳಿ. ಬೆಂಗಳೂರಿನ ಈವರೆಗಿನ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಆದ್ದರಿಂದ ಅಂಗಡಿಯಲ್ಲಿ ಯಾರಾದರೂ ಸೊನ್ನೆಗಿಂತ ಕಡಿಮೆ ಡಿಗ್ರಿಯ ಮಲಗುವ ಚೀಲ, ಅಂದರೆ ಸ್ಲೀಪಿಂಗ್ ಬ್ಯಾಗ್, ತೋರಿಸಿದರೆ ನಗುತ್ತಾ ಮುಂದೆ ಹೋಗಿ. ಹಿಮಾಲಯಕ್ಕೆ ಹೋಗುವವರು ತಗೊಳ್ಳಲಿ. 10 ರಿಂದ 15 ಡಿಗ್ರಿಯದು ನಮಗೆ ಧಾರಾಳ. ಚೀಟಿಯಲ್ಲಿ ಎರಡು ಅಂಕಿ ಇದ್ದರೆ ಕಂಫರ್ಟ್, ಅಂದರೆ ಹಾಯಾಗಿ ನಿದ್ದೆ ಬರುವ ಮಟ್ಟ, ಅಂತ ಇರುವುದನ್ನು ನಂಬಿ, ಲಿಮಿಟ್, ಅಂದರೆ ಮುದುಡಿಕೊಂಡು ಹೇಗೋ ತಡೆಯುವ ಮಟ್ಟ, ಅಂತ ಇರುವುದನ್ನು ಬಿಡಿ.

ಆದರೆ ಎಷ್ಟೇ ಒಳ್ಳೆಯ ಚೀಲ ತಂದರೂ ಬೆನ್ನು ತಣ್ಣಗಾಗುತ್ತದೆ. ಕಾರಣ ಸುಲಭ. ನಮ್ಮನ್ನು ಬೆಚ್ಚಗಿಡುವುದು ಚೀಲದ ಬಟ್ಟೆಯಲ್ಲ, ಅದರೊಳಗಿನ ಹತ್ತಿಯಂಥ ತುಂಬಿನಲ್ಲಿ ಸಿಕ್ಕಿಕೊಂಡಿರುವ ಗಾಳಿ. ಮೇಲೆ ಮಲಗಿದ ಕೂಡಲೇ ಕೆಳಭಾಗ ಅಪ್ಪಚ್ಚಿಯಾಗಿ ಗಾಳಿ ಹೊರಟುಹೋಗುತ್ತದೆ. ಆಮೇಲೆ ನಿಮಗೂ ತಣ್ಣನೆಯ ಮಣ್ಣಿಗೂ ನಡುವೆ ಎರಡು ಪದರ ಬಟ್ಟೆ ಅಷ್ಟೇ. ಮಣ್ಣು ರಾತ್ರಿಯಿಡೀ ಮೈಯ ಬಿಸಿ ಹೀರುತ್ತಲೇ ಇರುತ್ತದೆ. ಗಾಳಿ ತುಂಬಿದ ದಪ್ಪ ಹಾಸಿಗೆ ತಂದರೆ ಸರಿಹೋಗುತ್ತದೆ ಅಂತ ನಾವೂ ತಂದೆವು. ಮೆತ್ತಗಿತ್ತು, ನಿಜ. ಬೆಳಗಿನ ಜಾವ ಐಸ್ ಮೇಲೆ ಮಲಗಿದಂತಾಯಿತು. ಒಳಗಿನ ಗಾಳಿ ಓಡಾಡುತ್ತಾ ನೆಲದ ತಂಪನ್ನು ಬೆನ್ನಿಗೆ ತಂದು ಮುಟ್ಟಿಸುತ್ತಿತ್ತು.

ನಮ್ಮನ್ನು ಕಾಪಾಡಿದ್ದು ಮಗನ ಅಕ್ಷರದ ಚಾಪೆ. ಚಿಕ್ಕ ಮಕ್ಕಳಿಗೆ ನೆಲಕ್ಕೆ ಹಾಸುತ್ತೇವಲ್ಲ, ಹಲ್ಲು ಹಲ್ಲು ಕೂಡಿಸುವ ಫೋಮಿನ ತುಂಡುಗಳು, ಅದೇ. ಅಟ್ಟದಲ್ಲಿ ದೂಳು ತಿನ್ನುತ್ತಾ ಬಿದ್ದಿತ್ತು. ಆ ಫೋಮಿನಲ್ಲಿ ಗಾಳಿ ಸಣ್ಣ ಸಣ್ಣ ಗುಳ್ಳೆಯಾಗಿ ಸಿಕ್ಕಿಕೊಂಡಿರುತ್ತದೆ, ಓಡಾಡಲು ಆಗುವುದಿಲ್ಲ. ಕೂತರೂ ಅಪ್ಪಚ್ಚಿಯಾಗುವುದಿಲ್ಲ. ಟೆಂಟಿನ ಮೂಲೆಯಿಂದ ಮೂಲೆಗೆ ಜೋಡಿಸಿದೆವು. ಈಗಲೂ ನಮ್ಮ ಯಜಮಾನರು 'ಳ' ಮೇಲೆ ತಲೆಯಿಟ್ಟು ಮಲಗುತ್ತಾರೆ.

ಆ ಚಾಪೆಯ ಮೇಲೆ ಹಾಸಲು ಅತ್ತೆ ಒಂದು ಕರಿ ಕಂಬಳಿ ಕೊಟ್ಟು ಕಳಿಸಿದರು. ಕೊಟ್ಟು ಕಳಿಸಿದರು ಅಂದೆನಲ್ಲ, ನಿಜವಾಗಿ ಕಾರಿನ ಡಿಕ್ಕಿಗೆ ತಾವೇ ತಂದು ಹಾಕಿದರು. ಅವರ ಚಿಕ್ಕಂದಿನಲ್ಲಿ ಕೊಯ್ಲು ಮುಗಿದ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿಮಂದೆ ನಿಲ್ಲಿಸುತ್ತಿದ್ದರಂತೆ. ಕುರಿ ಕಾಯುವವರು ಬಯಲಿನಲ್ಲೇ ಮಲಗುತ್ತಿದ್ದರು. ಕೆಳಗೊಂದು ಕಂಬಳಿ, ಮೇಲೊಂದು ಕಂಬಳಿ. ಮಳೆ ಬಂದರೆ ಅದನ್ನೇ ಮಡಚಿ ಕೊಪ್ಪೆ ಮಾಡಿ ತಲೆಗೆ. ನೇಯುವ ಮುಂಚೆ ಉಣ್ಣೆ ನೂಲಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಅದಕ್ಕೇ ಹೊಸ ಕಂಬಳಿ ಹಲಗೆ ಥರ ಬಿರುಸಾಗಿರುತ್ತದೆ. ಚುಚ್ಚುತ್ತದೆ ಅಂತ ಮಗಳು ಮೊದಲು ಮುಖ ಸಿಂಡರಿಸಿದಳು. ಮೇಲೊಂದು ಹಳೆಯ ಸೀರೆ ಹಾಸಿದ ಮೇಲೆ ಸುಮ್ಮನಾದಳು. ಉಣ್ಣೆಯ ದೊಡ್ಡ ಗುಣ ಏನಂದರೆ, ಸ್ವಲ್ಪ ಒದ್ದೆಯಾದರೂ ಬಿಸಿ ಬಿಟ್ಟುಕೊಡುವುದಿಲ್ಲ. ಹತ್ತಿಯ ರಜಾಯಿ ಹಾಗಲ್ಲ, ಇಬ್ಬನಿ ಕುಡಿದರೆ ಮುಗಿಯಿತು. ಕಂಬಳಿ ಭಾರ, ನಿಜ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ಆಗದು. ನಮ್ಮಂತೆ ಕಾರಿನಲ್ಲಿ ಹೋಗುವವರಿಗೇನು?

ಎರಡನೇ ಸಲ ಹೊರಡುವ ಮುಂಚೆ ನಾವು ಒಂದು ಕೆಲಸ ಮಾಡಿದೆವು. ತಾರಸಿ ಮೇಲೆ ಟೆಂಟ್ ಹಾಕಿ ಅಲ್ಲೇ ಒಂದು ರಾತ್ರಿ ಮಲಗಿದೆವು. ಸಿಮೆಂಟಿಗೆ ಗೂಟ ಹೊಡೆಯಲಾಗುವುದಿಲ್ಲ. ನಾಲ್ಕು ಮೂಲೆಗೆ 20 ಲೀಟರಿನ ನೀರಿನ ಕ್ಯಾನ್ ಕಟ್ಟಿದೆವು. ಬೆಳಗ್ಗೆ ಪಕ್ಕದ ಮನೆಯವರು ಹೂವು ಕೀಳಲು ಬಂದು, "ಏನ್ರೀ, ಮನೇಲಿ ಏನಾದ್ರೂ ಜಗಳಾನಾ?" ಅಂತ ಕೇಳಿದರು. ಕೇಳಲಿ ಬಿಡಿ. ಯಾವ ಕಡ್ಡಿ ಯಾವ ತೂತಿಗೆ, ಜಿಪ್ಪು ಎಲ್ಲಿ ಸಿಕ್ಕಿಕೊಳ್ಳುತ್ತದೆ, ರಾತ್ರಿ ಬಚ್ಚಲಿಗೆ ಎದ್ದವರು ಯಾರ ಕಾಲು ತುಳಿಯುತ್ತಾರೆ, ಎಲ್ಲ ತಾರಸಿಯಲ್ಲೇ ಗೊತ್ತಾಯಿತು. ಕತ್ತಲಾದ ಮೇಲೆ ಯಾವುದೋ ತೋಪಿನಲ್ಲಿ, ಹಸಿದ ಮಕ್ಕಳನ್ನು ಇಟ್ಟುಕೊಂಡು ಇದನ್ನೆಲ್ಲ ಕಲಿಯುವುದು ಬೇಡ.

ಗೂಟ ಅಂದೆ. ಅಂಗಡಿಯಲ್ಲಿ ಅದಕ್ಕೆ ಪೆಗ್ ಅನ್ನುತ್ತಾರೆ. ನಮ್ಮ ಯಜಮಾನರು ಒಮ್ಮೆ ಫೋನಿನಲ್ಲಿ "ಹತ್ತು ಪೆಗ್ ಸಾಕಾಗಲ್ಲ" ಅಂತ ಹೇಳುತ್ತಿದ್ದುದನ್ನು ಅತ್ತೆ ಕೇಳಿಸಿಕೊಂಡರು. ಆವತ್ತಿನಿಂದ ನಮ್ಮ ಮನೆಯಲ್ಲಿ ಅದು ಗೂಟವೇ. ಟೆಂಟಿನ ಜೊತೆ ಬರುವ ಗೂಟ ತೆಳ್ಳಗಿನ ತಂತಿ. ನಮ್ಮ ಕೆಂಪು ಮಣ್ಣು ಜನವರಿಯಲ್ಲಿ ಇಟ್ಟಿಗೆ ಥರ ಆಗಿರುತ್ತದೆ. ಹೊಡೆದರೆ ಬಾಗುತ್ತದೆ, ಒಳಗೆ ಹೋಗುವುದಿಲ್ಲ. ಒಂದು ಚೊಂಬು ನೀರು ಹೊಯ್ದು ಹತ್ತು ನಿಮಿಷ ಬಿಟ್ಟು ಹೊಡೆಯಿರಿ. ಗಟ್ಟಿ ಕಬ್ಬಿಣದ ಗೂಟ ಬೇಕಾದರೆ ಕಮ್ಮಾರರ ಹತ್ತಿರ ಕೇಳಿ ಮಾಡಿಸಬಹುದು. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು. ದನ ಕಟ್ಟುವವರಿಗೆ ಇದನ್ನು ಹೇಳಿಕೊಡುವ ಅಗತ್ಯವಿಲ್ಲ.

ಜಾಗ ಆರಿಸುವುದೂ ನೆಲದ ವಿಷಯವೇ. ನಾನು ಈಗ ಟೆಂಟ್ ಹಾಕುವ ಮುಂಚೆ ಬರೀ ನೆಲದ ಮೇಲೆ ಅಂಗಾತ ಮಲಗಿ ನೋಡುತ್ತೇನೆ. ಕಲ್ಲು ಎಲ್ಲಿದೆ, ಇಳಿಜಾರು ಯಾವ ಕಡೆ ಅಂತ ಬೆನ್ನು ಹೇಳುತ್ತದೆ. ತಲೆ ಎತ್ತರದ ಕಡೆ ಬರಬೇಕು. ತಗ್ಗು ಬೇಡ, ಒಣಗಿದ ಹಳ್ಳವಂತೂ ಬೇಡವೇ ಬೇಡ. ಮೇಲೆಲ್ಲೋ ಮಳೆಯಾದರೆ ಇಲ್ಲಿ ನೀರು ಬರುತ್ತದೆ. ಹುತ್ತದ ಹತ್ತಿರ, ತೆಂಗಿನ ಮರದ ಕೆಳಗೆ ಬೇಡ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಬಯಲಿನ ಒಂಟಿ ಮರದ ಕೆಳಗೂ ಬೇಡ.

ಎಲ್ಲಕ್ಕಿಂತ ಮುಂಚೆ, ಅದು ಯಾರ ನೆಲ ಅಂತ ಕೇಳಿ. ಬೆಂಗಳೂರಿನ ಸುತ್ತ ಬೆಟ್ಟ ಬೇಕಾದಷ್ಟಿವೆ, ಆದರೆ ಬಹಳಷ್ಟು ಅರಣ್ಯ ಇಲಾಖೆಯ ಜಾಗ. ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. ಸುಮ್ನೆ ಮಾಡಿದ ನಿಯಮ ಅಲ್ಲ ಅದು. ಕನಕಪುರ, ಬನ್ನೇರುಘಟ್ಟದ ಕಡೆ ಆನೆ ಓಡಾಡುತ್ತವೆ, ಮಾಗಡಿ, ರಾಮನಗರದ ಗುಡ್ಡಗಳಲ್ಲಿ ಚಿರತೆ ಇದೆ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಬಂಡೆಗೆ ಹೆಜ್ಜೇನು ಕಟ್ಟಿರುವ ಕಡೆ ಹೊಗೆ ಹಾಕಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಮಂಚನಬೆಲೆಯಂಥ ಜಲಾಶಯದ ದಡ ನೋಡಲು ಚೆಂದ, ಆದರೆ ಅಲ್ಲಿ ನೀರಿಗಿಳಿದು ಜೀವ ಕಳೆದುಕೊಂಡವರಿದ್ದಾರೆ. ಮಕ್ಕಳಿರುವವರು ನೀರಿನಿಂದ ದೂರವೇ ಇರಿ. ಗೊತ್ತಿರುವವರ ತೋಟ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಭೀಮೇಶ್ವರಿಯಲ್ಲಿ ಕಾವೇರಿ ದಂಡೆಯ ಮೇಲೆ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಶಿಬಿರ ಇದೆ. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್. ಅಲ್ಲಿ ಅವರೇ ಟೆಂಟ್ ಹಾಕಿಟ್ಟಿರುತ್ತಾರೆ, ಒಳಗೆ ಮಂಚವೂ ಇರುತ್ತದೆ. ನನ್ನ ವಾದಕ್ಕೆ ಅದು ವಿರುದ್ಧ, ಆದರೂ ಹೇಳಿದೆ.

ಒಲೆಯ ಬಗ್ಗೆ ಒಂದು ಮಾತು, ದಯವಿಟ್ಟು ಗಮನ ಕೊಟ್ಟು ಕೇಳಿ. ಸಣ್ಣ ಗ್ಯಾಸ್ ಡಬ್ಬಿಯ ಒಲೆ ಬಹಳ ಅನುಕೂಲ. ಸುಮಾರು 230 ಗ್ರಾಂ ಗ್ಯಾಸಿನ ಒಂದು ಡಬ್ಬಿಯಲ್ಲಿ ರಾತ್ರಿಯ ಅಡುಗೆ, ಬೆಳಗಿನ ಕಾಫಿ, ಉಪ್ಪಿಟ್ಟು ಎಲ್ಲ ಆಗುತ್ತದೆ. ಆದರೆ ಅದು ಟೆಂಟಿನ ಹೊರಗೇ ಉರಿಯಬೇಕು. ಮಳೆ ಬಂತು ಅಂತ ಒಳಗೆ ತರಬೇಡಿ. ಚಳಿ ಅಂತ ಕೆಂಡದ ಅಗ್ಗಿಷ್ಟಿಕೆ ಒಳಗಿಟ್ಟು ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಕೆಮ್ಮು ಬರಿಸುವುದಿಲ್ಲ. ಮಲಗಿದವರು ಮಲಗಿದ ಹಾಗೇ ಹೋಗಿಬಿಡುತ್ತಾರೆ. ಗ್ಯಾಸ್ ಡಬ್ಬಿಯನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಬಿಡಬೇಡಿ.

ಇಷ್ಟೆಲ್ಲ ತಾಪತ್ರಯ ಯಾಕೆ ಅಂತ ಅತ್ತೆ ಕೇಳಿದ್ದರಲ್ಲ. ಹೋದ ಜನವರಿಯಲ್ಲಿ ಅದೇ ಮಾಗಡಿ ತೋಪು. ಅವರೆಕಾಯಿ ಕಾಲ. ಸಂಜೆ ತೋಪಿನವರು ಒಂದು ಪುಟ್ಟಿ ಸೊಗಡಿನ ಅವರೆ ತಂದುಕೊಟ್ಟರು. ಕಾಳು ಬಿಡಿಸಿ ಬಿಸಿನೀರಿನಲ್ಲಿ ನೆನೆಹಾಕಿ, ಟೆಂಟಿನ ಮುಂದೆ ಕಂಬಳಿ ಮೇಲೆ ನಾಲ್ಕೂ ಜನ ಸುತ್ತ ಕೂತು ಹಿತಕಿದೆವು. ಮನೆಯಲ್ಲಾದರೆ ಮಕ್ಕಳು ಎರಡು ನಿಮಿಷ ಕೂರುವುದಿಲ್ಲ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಬೇರೆ ಕೆಲಸವೂ ಇಲ್ಲ. ಮಗ ಕಾಳನ್ನು ಒತ್ತಿ ಅಕ್ಕನ ಮೂಗಿಗೆ ಹಾರಿಸುವುದನ್ನು ಕಲಿತ. ನೆತ್ತಿಯ ಮೇಲೆ ಕೃತ್ತಿಕೆ ಗೊಂಚಲು ಕಂಡಿತು. ನಮ್ಮ ಬೀದಿಯಲ್ಲಿ ಲೈಟಿನ ಬೆಳಕಿಗೆ ಅದು ಕಾಣದೆ ಎಷ್ಟು ವರ್ಷವಾಯಿತೋ. ಆ ರಾತ್ರಿಯ ಹಿತಕಿದ ಬೇಳೆ ಸಾರಿನಲ್ಲಿ ಉಪ್ಪು ಕಡಿಮೆ ಇತ್ತು. ಯಾರೂ ಹೇಳಲಿಲ್ಲ, ನಾನೇ ಆಮೇಲೆ ಕಂಡುಕೊಂಡೆ.

ಬೆಳಗ್ಗೆ ಎದ್ದಾಗ ಟೆಂಟಿನ ಒಳಗೋಡೆಯೆಲ್ಲ ಒದ್ದೆ. "ಸೋರ್ತಿದೆ" ಅಂತ ಮಗ ಕೂಗಿದ. ಮಳೆ ಇಲ್ಲ, ಮೋಡ ಇಲ್ಲ. ಅದು ನಮ್ಮದೇ ಉಸಿರು. ರಾತ್ರಿಯಿಡೀ ನಾಲ್ಕು ಜನ ಬಿಟ್ಟ ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿತ್ತು. ಚಳಿ ಅಂತ ಎಲ್ಲ ಕಿಟಕಿ ಮುಚ್ಚಿದ್ದು ನಾನೇ. ಮೇಲಿನ ಗಾಳಿಕಿಂಡಿ ಎಷ್ಟೇ ಚಳಿಯಿದ್ದರೂ ತೆರೆದಿರಬೇಕು.

ಒದ್ದೆ ಟೆಂಟನ್ನು ಹಾಗೇ ಮಡಚಿ ಅಟ್ಟಕ್ಕೆ ಎಸೆದರೆ ಮುಂದಿನ ವರ್ಷ ಅದು ಟೆಂಟ್ ಆಗಿರುವುದಿಲ್ಲ. ಬೂಷ್ಟು ಹಿಡಿಯುತ್ತದೆ. ಒಳಮೈಗೆ ಹಚ್ಚಿರುವ ಪ್ಲಾಸ್ಟಿಕ್ ಲೇಪ ಬೆಲ್ಲದ ಪಾಕದಂತೆ ಅಂಟಂಟಾಗಿ ಸುಲಿದು ಬರುತ್ತದೆ. ಮನೆಗೆ ಬಂದ ದಿನವೇ ತಾರಸಿಯಲ್ಲಿ ಬಿಡಿಸಿ ಒಣಗಿಸಿ. ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಆ ಜನವರಿ ಟೆಂಟಿನ ಮೇಲೆಲ್ಲ ಜಿಗುಟು. ಮಾವು ಹೂವು ಬಿಟ್ಟಾಗ ಬರುವ ಜಿಗಿಹುಳು ಸುರಿಸಿದ ಸಿಹಿ ಅಂಟು ಅದು. ಒರೆಸುವಷ್ಟರಲ್ಲಿ ನಮ್ಮ ಬೀದಿಯ ಇರುವೆಗಳೆಲ್ಲ ತಾರಸಿಗೆ ಬಂದಿದ್ದವು.

ಈಗ ಮಗಳು ಕ್ಯಾಲೆಂಡರಿನಲ್ಲಿ ಡಿಸೆಂಬರ್ 13ಕ್ಕೆ ಸುತ್ತು ಹಾಕಿದ್ದಾಳೆ. ಆ ರಾತ್ರಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಬೀಳುತ್ತವೆ, ಪ್ರತಿ ವರ್ಷ ಬೀಳುತ್ತವೆ. ಹೋದ ಭಾನುವಾರ ಹೊಲಿಗೆ, ಜಿಪ್ಪು ನೋಡೋಣ ಅಂತ ತಾರಸಿಯಲ್ಲಿ ಟೆಂಟ್ ಹಾಕಿದ್ದೆವು. ಅತ್ತೆ ಕಂಬಿ ಹಿಡಿದುಕೊಂಡು ನಿಧಾನವಾಗಿ ಮೇಲೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಗ್ಗಿ ನೋಡಿದರು. ಒಂದು ಕಾಲಿಟ್ಟು ನೆಲ ಒತ್ತಿದರು, ಇನ್ನೊಂದು ಕಡೆ ಒತ್ತಿದರು. ಮೂಲೆಯಲ್ಲಿ ಕಂಬಳಿ ಮಡಚಿಟ್ಟಿತ್ತು. ಅದನ್ನು ತೆಗೆದು ಬಾಗಿಲ ಪಕ್ಕ ಹಾಸಿದರು.

"ರಾತ್ರಿ ಎರಡು ಸಲ ಏಳಬೇಕು ನಾನು. ಈ ಜಾಗ ನನಗಿರಲಿ" ಅಂದರು. ಆಮೇಲೆ ಕೂತು ಕಾಲು ನೀಡಿಕೊಂಡು, "ನೆಲದ ಟಿಕೆಟ್ಟೇ ಸಾಕು ಕಣಮ್ಮ" ಅಂದರು.

ನಮಸ್ಕಾರ.